ಸುಯ್ಗುಡುವ ಕೆಮ್ಮು: ದಮ್ಮೆಲ್ಲ ಅಸ್ತಮವಲ್ಲ

ಅಡಿಕೆ ಸುಲಿತ, ಕಾಫಿ ಕೊಯ್ಲು ಒಂದರ ಮೇಲೊಂದು ಬರುವ ತಿಂಗಳುಗಳಲ್ಲಿಯೇ ನಮ್ಮ ಮನೆಗಳಲ್ಲಿ ಕೆಮ್ಮಿನ ಸದ್ದೂ ಹೆಚ್ಚು. ಬೆಳಗಿನ ಮಂಜು, ಕಣದ ಧೂಳು, ಅಡಿಕೆ ಬೇಯಿಸುವ ಒಲೆಯ ಹೊಗೆ ಎಲ್ಲವೂ ಸೇರುವ ಕಾಲವಿದು. ಹಗಲು ಹೇಗೋ ಕಳೆಯುತ್ತದೆ. ನಡುರಾತ್ರಿಯಲ್ಲಿ ಎದೆ ಬಿಗಿದು, ಉಸಿರು ಬಿಡುವಾಗಲೆಲ್ಲ ಸುಯ್ ಸುಯ್ ಎಂದು ಸಿಳ್ಳು ಕೇಳತೊಡಗಿದರೆ ರೋಗಿಗೂ ನಿದ್ದೆಯಿಲ್ಲ, ಮನೆಯವರಿಗೂ ಇಲ್ಲ.

ಮಲೆನಾಡಿನಲ್ಲಿ ಇದಕ್ಕೆ ಉಬ್ಬಸವೆಂದೋ ಗೂರಲೆಂದೋ ಹೆಸರು. ಕೃಷ್ಣಾ ನದಿಯ ಕಡೆಯ ಜಮಖಂಡಿ ತಾಲ್ಲೂಕಿನ ತುಬಚಿಯಂಥ ಊರಿಗೆ ಹೋದರೆ ಅದೇ ‘ದಮ್ಮು’. ಇಲ್ಲಿ ಅಡಿಕೆ, ಕಾಫಿ; ಅಲ್ಲಿ ಕಬ್ಬು, ಜೋಳ. ಇಲ್ಲಿ ತಿಂಗಳುಗಟ್ಟಲೆ ಮಳೆ. ಅಲ್ಲಿ ಒಣ ಹವೆ. ಆದರೂ ಸದ್ದು ಒಂದೇ. ಕೊಯ್ಲಿನ ಕಾಲದಲ್ಲಿ ಉತ್ತರದ ಜಿಲ್ಲೆಗಳಿಂದಲೂ ಜನ ನಮ್ಮ ತೋಟಗಳಿಗೆ ಬರುವುದುಂಟಾದ್ದರಿಂದ, ಎರಡೂ ಕಡೆಯ ಕೆಮ್ಮನ್ನು ಜೊತೆಗಿಟ್ಟು ನೋಡುವುದು ಬೆಳೆಗಾರ ಬಂಧುಗಳಿಗೆ ಪ್ರಯೋಜನಕಾರಿ. ಹಾಗೆ ನೋಡಿದಾಗ ಒಂದು ಮಾತು ಸ್ಪಷ್ಟವಾಗುತ್ತದೆ: ಸಿಳ್ಳು ಎಂಬುದು ರೋಗದ ಹೆಸರಲ್ಲ, ರೋಗದ ಸದ್ದು. ಆ ಸದ್ದಿಗೆ ಹತ್ತಾರು ಕಾರಣಗಳಿವೆ. ಒಂದಕ್ಕೆ ಕೊಡುವ ಮದ್ದು ಇನ್ನೊಂದಕ್ಕೆ ನಾಟದು. ಕೆಲವೊಮ್ಮೆ ಕೆಡುಕನ್ನೂ ಮಾಡೀತು.

ಸದ್ದು ಹುಟ್ಟುವುದು ಹೇಗೆ?

ಪಪ್ಪಾಯಿ ಎಲೆಯ ತೊಟ್ಟಿನಿಂದ ಮಕ್ಕಳು ಪೀಪಿ ಮಾಡುವುದನ್ನು ಎಲ್ಲರೂ ಬಲ್ಲರು. ಗಾಳಿ ಇಕ್ಕಟ್ಟಾದ ಜಾಗದಲ್ಲಿ ನುಗ್ಗುವಾಗ ಸದ್ದು ಏಳುತ್ತದೆ. ನಮ್ಮ ಶ್ವಾಸನಾಳವೂ ಮರದಂತೆ ಕವಲೊಡೆಯುತ್ತ, ಕಿರಿದಾಗುತ್ತ ಶ್ವಾಸಕೋಶದೊಳಗೆ ಹರಡಿದೆ. ಈ ಸಣ್ಣ ಕವಲುಗಳು ಮೂರು ಬಗೆಯಲ್ಲಿ ಇಕ್ಕಟ್ಟಾಗಬಹುದು: ನಾಳದ ಸುತ್ತಲಿನ ಸ್ನಾಯು ಬಿಗಿಯಬಹುದು, ಒಳಪೊರೆ ಊದಿಕೊಳ್ಳಬಹುದು, ಕಫ ಕಟ್ಟಿಕೊಳ್ಳಬಹುದು. ಇವಲ್ಲದೆ ಹೊರಗಿನ ವಸ್ತುವೊಂದು ನಾಳದಲ್ಲಿ ಸಿಕ್ಕಿಕೊಳ್ಳುವುದು, ಪಕ್ಕದ ಗಂಟು ನಾಳವನ್ನು ಒತ್ತುವುದು ಕೂಡ ಉಂಟು. ಯಾವುದರಿಂದ ಇಕ್ಕಟ್ಟಾಗಿದೆ ಎಂಬುದನ್ನು ಕಂಡುಹಿಡಿಯುವುದೇ ವೈದ್ಯರ ಕೆಲಸ. ಅದಕ್ಕೆ ಬೇಕಾದ ಸುಳಿವು ಕೊಡುವುದು ನಮ್ಮ ಕೆಲಸ.

ಅಸ್ತಮ: ಬಂದು ಹೋಗುವ ಉಬ್ಬಸ

ಅಸ್ತಮದ ಗುರುತೆಂದರೆ ಏರಿಳಿತ. ಇಂದು ಎದೆ ಬಿಗಿದವರು ನಾಳೆ ಏನೂ ಆಗದವರಂತೆ ತೋಟಕ್ಕೆ ಹೋಗುತ್ತಾರೆ. ನಡುರಾತ್ರಿ ಮತ್ತು ನಸುಕಿನಲ್ಲಿ ಕಾಟ ಹೆಚ್ಚು. ಚಿಕ್ಕಂದಿನಲ್ಲಿಯೇ ಶುರುವಾಗಿರುವುದು, ಮನೆತನದಲ್ಲಿ ಇನ್ನಾರಿಗಾದರೂ ಇರುವುದು, ಜೊತೆಗೆ ಸೀನು, ಮೂಗು ಸೋರುವುದು, ಚರ್ಮದ ತುರಿಕೆ ಇರುವುದು ಸಾಮಾನ್ಯ. ಕೆಲವರಿಗೆ ಸಿಳ್ಳೇ ಕೇಳಿಸದೆ ಬರಿಯ ಒಣಕೆಮ್ಮಾಗಿಯೂ ಕಾಣಿಸಿಕೊಳ್ಳಬಹುದು.

ಕೆರಳಿಸುವ ವಸ್ತು ಊರಿಂದೂರಿಗೆ ಬೇರೆ. ಮಳೆಗಾಲದಲ್ಲಿ ನಮ್ಮ ಗೋಡೆಗಳ ಮೇಲೆ ಏಳುವ ಬೂಷ್ಟು, ಹಾಸಿಗೆಯ ಧೂಳಿನಲ್ಲಿರುವ ಕಣ್ಣಿಗೆ ಕಾಣದ ನುಸಿ ಇಲ್ಲಿ ಮುಖ್ಯ. ಬಯಲುಸೀಮೆಯಲ್ಲಿ ಹೊಲದ ಬದು, ರಸ್ತೆಯಂಚನ್ನೆಲ್ಲ ಆಕ್ರಮಿಸಿರುವ ಕಾಂಗ್ರೆಸ್ ಕಸದ ಪರಾಗ, ರಾಶಿಯ ಧೂಳು ಇವುಗಳ ಪಾಲು ದೊಡ್ಡದು. 2019ರ ಆಗಸ್ಟ್‌ನಲ್ಲಿ ಕೃಷ್ಣೆಯ ಮಹಾಪೂರ ಜಮಖಂಡಿ ತಾಲ್ಲೂಕಿನ ನದಿದಂಡೆಯ ಊರುಗಳಿಗೆ ನುಗ್ಗಿತ್ತು. ನೀರು ಹೊಕ್ಕಿಳಿದ ಮನೆಯ ಗೋಡೆ ಬೂಷ್ಟು ಹಿಡಿಯುವುದು ಸಹಜ. ಅಂಥಲ್ಲಿ ಬಯಲುಸೀಮೆಯ ಮನೆಗೂ ಮಲೆನಾಡಿನ ಉಬ್ಬಸದ ಕಾರಣವೇ ಬಂದು ಸೇರುತ್ತದೆ.

ಅಸ್ತಮಕ್ಕೆ ಉಸಿರಿನ ಮೂಲಕ ಎಳೆದುಕೊಳ್ಳುವ ಮದ್ದು, ಅಂದರೆ ಇನ್‌ಹೇಲರ್, ಮೇಲು. ‘ಅದನ್ನು ಹಿಡಿದರೆ ಬಿಡಲಾಗದು, ಅದು ಕೊನೆಯ ಮದ್ದು’ ಎಂಬ ಅಂಜಿಕೆ ನಮ್ಮಲ್ಲಿ ಬೇರೂರಿದೆ. ಲೆಕ್ಕ ಹಾಕಿ ನೋಡೋಣ. ಸಾಲ್ಬುಟಮಾಲ್ ಇನ್‌ಹೇಲರಿನ ಒಂದು ಎಳೆತದಲ್ಲಿ ಸಾಮಾನ್ಯವಾಗಿ 100 ಮೈಕ್ರೋಗ್ರಾಂ ಮದ್ದು. ಅದೇ ಮದ್ದಿನ 4 ಮಿಲಿಗ್ರಾಂ ಮಾತ್ರೆ ನುಂಗಿದರೆ 40 ಎಳೆತದಷ್ಟು ಮದ್ದು ಮೈಯೆಲ್ಲ ಸುತ್ತಿ ಬರುತ್ತದೆ. ಕೈ ನಡುಗುವುದು, ಎದೆ ಹೊಡೆದುಕೊಳ್ಳುವುದು ಅದರಿಂದಲೇ. ಗೊಬ್ಬರವನ್ನು ತೋಟಕ್ಕೆಲ್ಲ ಎರಚುವುದಕ್ಕೂ ಗಿಡದ ಬುಡಕ್ಕೇ ಕೊಡುವುದಕ್ಕೂ ಇರುವ ವ್ಯತ್ಯಾಸವಿದು.

ಇನ್ನೊಂದು ಅಂಶವನ್ನು ಗಮನಿಸತಕ್ಕದ್ದು. ಸಾಲ್ಬುಟಮಾಲ್ ಬಿಗಿತವನ್ನು ಆ ಹೊತ್ತಿಗೆ ಸಡಿಲಿಸುತ್ತದೆಯೇ ಹೊರತು ನಾಳದ ಊತವನ್ನು ಇಳಿಸುವುದಿಲ್ಲ. ಊತ ಇಳಿಸಲು ಬುಡೆಸೊನೈಡ್, ಬೆಕ್ಲೊಮೆಥಸೋನ್‌ನಂಥ ಸ್ಟಿರಾಯ್ಡ್ ಇನ್‌ಹೇಲರ್ ಅವಶ್ಯ. ದೊಡ್ಡವರ ಅಸ್ತಮಕ್ಕೆ ಸಾಲ್ಬುಟಮಾಲ್ ಒಂದನ್ನೇ ನೆಚ್ಚಿಕೊಳ್ಳಬಾರದೆಂದು ಅಂತರರಾಷ್ಟ್ರೀಯ ತಜ್ಞರ ಮಾರ್ಗಸೂಚಿ 2019ರಿಂದ ಹೇಳುತ್ತಿದೆ. ಸ್ಟಿರಾಯ್ಡ್ ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು.

ಹೊಗೆಯಿಂದ ಬರುವ ದಮ್ಮು

ಇದು ನಲವತ್ತು ದಾಟಿದವರಲ್ಲಿ ಮೆಲ್ಲಗೆ ಶುರುವಾಗಿ ವರ್ಷದಿಂದ ವರ್ಷಕ್ಕೆ ಏರುವ ರೋಗ. ಅಸ್ತಮದಂತೆ ಬಂದು ಹೋಗುವುದಿಲ್ಲ. ಮೊದಲು ಬೆಳಗಿನ ಕಫ. ಬಳಿಕ ಏರು ಹತ್ತುವಾಗ ಏದುಸಿರು. ಕೊನೆಗೆ ಅಂಗಳದಿಂದ ಬಚ್ಚಲಿಗೆ ನಡೆದರೂ ದಮ್ಮು. ಬೀಡಿ, ಸಿಗರೇಟು ಇದರ ದೊಡ್ಡ ಕಾರಣ. ಆದರೆ ಬೀಡಿಯನ್ನು ಮುಟ್ಟದ ನಮ್ಮ ಹೆಣ್ಣುಮಕ್ಕಳಿಗೂ ಇದು ಬರುತ್ತದೆ. ಮಲೆನಾಡಿನಲ್ಲಿ ಹಸಿ ಸೌದೆಯ ಅಡುಗೆ ಒಲೆ, ಬಚ್ಚಲೊಲೆ, ಅಡಿಕೆ ಹಂಡೆಯ ಒಲೆ. ತುಬಚಿಯ ಕಡೆ ಕುಳ್ಳು, ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ. ಇಂಥ ಹೊಗೆಯನ್ನು ಮೂವತ್ತು ನಲವತ್ತು ವರ್ಷ ಕುಡಿದ ಶ್ವಾಸಕೋಶ ಬೀಡಿ ಸೇದಿದವರ ಶ್ವಾಸಕೋಶದಂತೆಯೇ ಸೋಲುತ್ತದೆ.

1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರ ರೂಪಿಸಿದ ಹೊಗೆರಹಿತ ಒಲೆಯನ್ನು ಹಿರಿಯರು ಮರೆತಿರಲಾರರು. ಸೌದೆ ಉಳಿಸುವುದರ ಜೊತೆಗೆ ಕೊಳವೆಯಿಂದ ಹೊಗೆಯನ್ನು ಹೊರಹಾಕುವುದು ಅದರ ಗುಣ. ಈಗ ಅನಿಲದ ಒಲೆ ಬಂದಿದೆ. ಆದರೆ ಅನ್ನ ಸಾರಿಗೆ ಅನಿಲ, ಸ್ನಾನದ ನೀರಿಗೆ, ಅಡಿಕೆಗೆ ಸೌದೆ ಎಂಬಂತಿದ್ದರೆ ಹೊಗೆ ಮನೆ ಬಿಟ್ಟು ಹೋಗಿಲ್ಲವೆಂದೇ ಅರ್ಥ. ಹಂಡೆಯ ಒಲೆಗೂ ಹೊಗೆಕೊಳವೆ ಹಾಕಿಸಿ. ಗಾಳಿಯಾಡುವ ಕಡೆಗೆ ಅದನ್ನು ಸರಿಸಿ.

ಕಸುಬಿನ ಧೂಳು

ರಜೆಯ ದಿನ, ನೆಂಟರ ಮನೆಗೆ ಹೋದ ದಿನ ಉಸಿರು ಹಗುರಾಗಿ, ಕೆಲಸಕ್ಕೆ ಮರಳಿದಾಗ ಮತ್ತೆ ಬಿಗಿದರೆ ಕಾರಣ ಕೆಲಸದಲ್ಲೇ ಇದೆಯೆಂದು ಶಂಕಿಸಬೇಕು.

ಹಸಿರು ಕಾಫಿಬೀಜದ ಧೂಳು ಕೆಲವರಲ್ಲಿ ಅಲರ್ಜಿಯ ಉಬ್ಬಸ ತರುತ್ತದೆ. ಇದಕ್ಕಿಂತ ಪ್ರಬಲವಾದದ್ದು ಹರಳಿನ ಧೂಳು. ಅಮೆರಿಕದ ಟೊಲೆಡೊ ನಗರದಲ್ಲಿ ಹರಳೆಣ್ಣೆ ಗಿರಣಿಯೊಂದರ ಸುತ್ತಮುತ್ತ ವಾಸವಿದ್ದವರಿಗೆ ಬರುತ್ತಿದ್ದ ಅಸ್ತಮಕ್ಕೆ ಹರಳುಬೀಜದ ಧೂಳೇ ಕಾರಣವೆಂದು 1928ರಲ್ಲಿ ಇಬ್ಬರು ವೈದ್ಯರು ತೋರಿಸಿಕೊಟ್ಟರು. ಹರಳುಹಿಂಡಿ ನಮ್ಮ ತೋಟಗಳಿಗೆ ಹಳೆಯ ಗೊಬ್ಬರ. ಮುಚ್ಚಿದ ಕೊಟ್ಟಿಗೆಯಲ್ಲಿ ಒಣ ಹಿಂಡಿಯನ್ನು ಕುಟ್ಟಿ ಜರಡಿ ಹಿಡಿಯುವುದು ಅಪಾಯ. ಬಯಲಿನಲ್ಲಿ ನೀರು ಚಿಮುಕಿಸಿ ಬಳಸುವುದು ಕ್ಷೇಮ. ಹಿಂಡಿ ತಂದ ಗೋಣಿಚೀಲಗಳನ್ನು ಕಾಫಿಗೆ ಬಳಸಬಾರದು. ಹರಳಿನ ಧೂಳು ಚೀಲದೊಡನೆ ಊರೂರು ಸುತ್ತುತ್ತದೆ.

ಬೂಷ್ಟು ಹಿಡಿದ ಒಣಹುಲ್ಲು, ತಿಪ್ಪೆ, ಕಬ್ಬಿನ ಸಿಪ್ಪೆ ಕೆದಕಿದಾಗ ಏಳುವ ಧೂಳಿನ ಪರಿಣಾಮ ಬೇರೆ. ಕೆದಕಿದ ನಾಲ್ಕಾರು ಗಂಟೆಗಳ ಮೇಲೆ ಚಳಿಜ್ವರ, ಕೆಮ್ಮು, ಏದುಸಿರು ಕಾಣಿಸುತ್ತವೆ. ಮರುದಿನ ಇಳಿಯುವುದರಿಂದ ಹಲವರು ‘ಶೀತಜ್ವರ’ವೆಂದು ಸುಮ್ಮನಾಗುತ್ತಾರೆ. ಹೀಗೆ ಮತ್ತೆ ಮತ್ತೆ ಆದರೆ ಶ್ವಾಸಕೋಶ ಗಡುಸಾಗಿ ಹೋದೀತು. ಸಕ್ಕರೆ ಕಾರ್ಖಾನೆಗಳಿರುವ ಜಮಖಂಡಿ, ಮುಧೋಳದ ಸೀಮೆಗೆ ಈ ಮಾತು ವಿಶೇಷವಾಗಿ ಸಲ್ಲುತ್ತದೆ.

ಸಿಂಪಡಣೆಯ ಮಾತಿಗೆ ಬರೋಣ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ನಮ್ಮ ಬೆಳೆಯನ್ನು ಉಳಿಸಿದ ಮದ್ದೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಪೋರ್ಚುಗಲ್ಲಿನ ದ್ರಾಕ್ಷಿ ತೋಟಗಳಲ್ಲಿ ವರ್ಷಗಟ್ಟಲೆ ಇದೇ ದ್ರಾವಣ ಸಿಂಪಡಿಸಿದವರ ಶ್ವಾಸಕೋಶದಲ್ಲಿ ತಾಮ್ರ ಸೇರಿದ ಗಂಟುಗಳು ಕಂಡುಬಂದುದು 1969ರಲ್ಲಿ ವರದಿಯಾಯಿತು. ಮೂಗು ಬಾಯಿ ಮುಚ್ಚಿ, ಗಾಳಿಗೆ ಬೆನ್ನು ಕೊಟ್ಟು ಸಿಂಪಡಿಸುವುದು ಆದುದರಿಂದ ಅಗತ್ಯ. ಕ್ಲೋರ್‌ಪೈರಿಫಾಸ್‌ನಂಥ ಕೀಟನಾಶಕ ಹೊಡೆದ ಮೇಲೆ ಎದೆಯಲ್ಲಿ ಸಿಳ್ಳು ಬಂದು, ಜೊಲ್ಲು, ಬೆವರು ಸುರಿದು, ಕಣ್ಣಿನ ಪಾಪೆ ಸಾಸಿವೆಯಷ್ಟು ಕಿರಿದಾದರೆ ಅದು ಅಸ್ತಮವಲ್ಲ, ವಿಷ ಏರಿದ ಗುರುತು. ಬಟ್ಟೆ ಕಳಚಿ, ಮೈ ತೊಳೆದು, ಮದ್ದಿನ ಡಬ್ಬಿಯ ಸಮೇತ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು.

ಸೊಳ್ಳೆ ತಂದ ಕೆಮ್ಮು

ಹೆಚ್ಚು ಜನರಿಗೆ ತಿಳಿಯದ, ಆದರೆ ನಿಶ್ಚಯವಾಗಿ ಗುಣಪಡಿಸಬಹುದಾದ ಕಾರಣವೊಂದುಂಟು. ಆನೆಕಾಲು ರೋಗವನ್ನು ತರುವ ಫೈಲೇರಿಯಾ ಹುಳುವಿನ ಸೋಂಕಿಗೆ ಕೆಲವರ ಮೈ ಅತಿಯಾಗಿ ಕೆರಳುತ್ತದೆ. ಅವರಿಗೆ ಕಾಲು ಊದಿಕೊಂಡಿರುವುದಿಲ್ಲ. ರಾತ್ರಿಯ ಕೆಮ್ಮು, ಸಿಳ್ಳು, ಸಣ್ಣ ಜ್ವರ, ಮೈ ಇಳಿತ ಇಷ್ಟೇ. ಹರೆಯದ ಮತ್ತು ನಡುವಯಸ್ಸಿನ ಗಂಡಸರಲ್ಲಿ ಹೆಚ್ಚು. ನೋಡಿದವರು ಅಸ್ತಮವೆನ್ನುತ್ತಾರೆ, ಇಲ್ಲವೆ ಕ್ಷಯವೆಂದು ಹೆದರುತ್ತಾರೆ.

ಇದರ ಕಥೆಯೂ ನಮ್ಮ ನೆರೆಯಲ್ಲೇ ನಡೆದದ್ದು. ಕೋಲಾರದ ಗಡಿಯಾಚೆ ಮದನಪಲ್ಲಿಯ ಆರೋಗ್ಯವರಂ ಕ್ಷಯರೋಗ ಚಿಕಿತ್ಸಾಲಯದ ವೈದ್ಯ ಫ್ರಿಮೋಟ್ ಮೊಲ್ಲರ್ ಅವರು ಬಾರ್ಟನ್ ಎಂಬವರೊಡನೆ, ಕ್ಷಯದಂತೆ ತೋರುವ ಆದರೆ ಕ್ಷಯವಲ್ಲದ ಈ ರೋಗವನ್ನು 1940ರಲ್ಲಿ ವಿವರಿಸಿದರು. ಇಂಥವರ ರಕ್ತದಲ್ಲಿ ಇಯೊಸಿನೊಫಿಲ್ ಎಂಬ ಬಿಳಿಯ ಕಣಗಳು ಮಿತಿಮೀರಿ ಏರಿದ್ದವು. 1943ರಲ್ಲಿ ವೈನ್‌ಗಾರ್ಟನ್ ಇದನ್ನು ‘ಉಷ್ಣವಲಯದ ಇಯೊಸಿನೊಫಿಲಿಯ’ವೆಂದು ಕರೆದರು. ಫೈಲೇರಿಯಾ ಹುಳುವೇ ಮೂಲವೆಂಬುದು ಆಮೇಲೆ ತಿಳಿಯಿತು.

ಬಾಗಲಕೋಟೆ, ವಿಜಯಪುರ, ಕಲಬುರಗಿ, ಬೀದರ್ ಜಿಲ್ಲೆಗಳು ಒಂದು ಕಡೆ. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಇನ್ನೊಂದು ಕಡೆ. ಫೈಲೇರಿಯಾ ಬೇರೂರಿದ ಜಿಲ್ಲೆಗಳೆಂದು ಸರ್ಕಾರದ ನಿರ್ಮೂಲನ ಕಾರ್ಯಕ್ರಮ ಗುರುತಿಸಿದವುಗಳಲ್ಲಿ ಇವೆಲ್ಲ ಸೇರಿವೆ. ಅಂದರೆ ತುಬಚಿಯ ಕಬ್ಬಿನ ರೈತನಿಗೂ ಕರಾವಳಿಯ ಅಡಿಕೆ ಬೆಳೆಗಾರನಿಗೂ ಸಮಾನವಾಗಿ ಬರಬಹುದಾದ ಕೆಮ್ಮಿದು. ಕೊಳಚೆ ನೀರಿನಲ್ಲಿ ಹುಟ್ಟುವ ಕ್ಯುಲೆಕ್ಸ್ ಸೊಳ್ಳೆ ಇದರ ವಾಹಕ. ಕೊಯ್ಲಿಗೆ ಬಂದ ಆಳು ಲೈನ್ ಮನೆಯಲ್ಲಿ ರಾತ್ರಿಯಿಡೀ ಕೆಮ್ಮುತ್ತಿದ್ದರೆ ‘ಚಳಿ ಒಗ್ಗಿಲ್ಲ’ ಎಂದು ಕೈಬಿಡದೆ ಒಂದು ರಕ್ತಪರೀಕ್ಷೆ ಮಾಡಿಸಿ. ಇಯೊಸಿನೊಫಿಲ್ ಎಣಿಕೆ 3000ಕ್ಕಿಂತ ಮೇಲಿದ್ದರೆ ವೈದ್ಯರು ಈ ರೋಗವನ್ನು ಪರಿಗಣಿಸುತ್ತಾರೆ. ಡಿ.ಇ.ಸಿ. ಮಾತ್ರೆಯನ್ನು ಮೈತೂಕಕ್ಕೆ ತಕ್ಕಂತೆ ಸಾಮಾನ್ಯವಾಗಿ ಮೂರು ವಾರ ಕೊಡುತ್ತಾರೆ. ಬೆಲೆ ಕಡಿಮೆ, ಗುಣ ಬೇಗ. ತಡಮಾಡಿದರೆ ಮಾತ್ರ ಶ್ವಾಸಕೋಶದಲ್ಲಿ ಮಾಯದ ಕಲೆ ಉಳಿಯುತ್ತದೆ.

ಮರೆಯಬಾರದ ಇತರ ಕಾರಣಗಳು

ಕ್ಷಯ: ಎರಡು ವಾರ ಮೀರಿದ ಕೆಮ್ಮಿಗೆ, ಸಿಳ್ಳಿರಲಿ ಬಿಡಲಿ, ಕಫ ಪರೀಕ್ಷೆ ಆಗಲೇಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಪರೀಕ್ಷೆಯೂ ಮದ್ದೂ ಉಚಿತ. ಕ್ಷಯದ ಗಂಟು ನಾಳವನ್ನೊತ್ತಿದಾಗ ಒಂದೇ ಕಡೆ ಸಿಳ್ಳು ಕೇಳುವುದುಂಟು.

ಹೃದಯ: ರಕ್ತದೊತ್ತಡ, ಸಕ್ಕರೆ ಕಾಯಿಲೆ ಇರುವ ಹಿರಿಯರಿಗೆ ಮೊದಲ ಬಾರಿ ಉಬ್ಬಸ ಬಂದರೆ ಹೃದಯವನ್ನು ನೋಡಿಸಿ. ಮಲಗಿದರೆ ಉಸಿರು ಕಟ್ಟುವುದು, ಎದ್ದು ಕುಳಿತರೆ ಹಗುರವಾಗುವುದು, ಪಾದ ಊದುವುದು ಇದರ ಗುರುತು. ಹೃದಯ ಸೋತು ಶ್ವಾಸಕೋಶದಲ್ಲಿ ನೀರು ನಿಂತಾಗಲೂ ಅದೇ ಸಿಳ್ಳು ಹೊರಡುತ್ತದೆ.

ಮಗುವಿನ ಗಂಟಲು: ಆಡುತ್ತಿದ್ದ ಮಗು ಇದ್ದಕ್ಕಿದ್ದಂತೆ ಕೆಮ್ಮಿ, ಅಂದಿನಿಂದ ಸಿಳ್ಳು ನಿಲ್ಲದಿದ್ದರೆ ಶೇಂಗಾ, ಹುಣಿಸೆಬೀಜ, ಅಡಿಕೆ ಚೂರು, ಕಾಫಿಬೀಜ ನಾಳಕ್ಕೆ ಹೋಗಿರಬಹುದು. ಎಕ್ಸ್‌ರೇಯಲ್ಲಿ ಕಾಣದಿದ್ದರೂ ಇಲ್ಲವೆನ್ನುವಂತಿಲ್ಲ. ‘ಅಡಿಕೆ ಅಂಗಳದಲ್ಲಿ ಆಡುತ್ತಿತ್ತು’ ಎಂಬ ಮಾತನ್ನು ವೈದ್ಯರಿಗೆ ತಪ್ಪದೆ ಹೇಳಿ. ಮೂರು ವರ್ಷದೊಳಗಿನ ಮಕ್ಕಳ ಕೈಗೆ ಇವು ಸಿಗದಂತಿರಲಿ.

ಹೊಟ್ಟೆಯ ಹುಳಿ: ಊಟವಾದೊಡನೆ ಮಲಗುವವರಿಗೆ ಹುಳಿತೇಗಿನೊಡನೆ ರಾತ್ರಿ ಕೆಮ್ಮು ಬರುವುದುಂಟು.

ಮದ್ದುಗಳು: ಪ್ರೊಪ್ರನಲಾಲ್‌ನಂಥ ಮಾತ್ರೆ, ಕಣ್ಣಿನ ಒತ್ತಡಕ್ಕೆ ಹಾಕುವ ಟಿಮೊಲಾಲ್ ಹನಿ, ಕೆಲವರಿಗೆ ಆಸ್ಪಿರಿನ್‌ನಂಥ ನೋವಿನ ಗುಳಿಗೆ ಉಬ್ಬಸವನ್ನು ಕೆರಳಿಸುತ್ತವೆ. ಎನಲಾಪ್ರಿಲ್, ರಾಮಿಪ್ರಿಲ್ ಒಣಕೆಮ್ಮು ತರಬಹುದು. ತಾವಾಗಿಯೇ ನಿಲ್ಲಿಸದೆ ವೈದ್ಯರಿಗೆ ತಿಳಿಸಿ.

ಅಡಿಕೆ: ನಮ್ಮ ಬೆಳೆಯೆಂದು ಈ ಮಾತನ್ನು ಮುಚ್ಚಿಡುವುದು ಸರಿಯಲ್ಲ. ಅಡಿಕೆಯಲ್ಲಿರುವ ಅರೆಕೊಲಿನ್ ಶ್ವಾಸನಾಳದ ಸ್ನಾಯುವನ್ನು ಬಿಗಿಸಬಲ್ಲದು. ಅಸ್ತಮವಿರುವ ಕೆಲವರಿಗೆ ಅಡಿಕೆ ಜಗಿದಾಗ ಉಬ್ಬಸ ಏರುವುದನ್ನು 1991ರಲ್ಲಿ ಪಪುವಾ ನ್ಯೂಗಿನಿಯ ವೈದ್ಯಕೀಯ ಪತ್ರಿಕೆಯೂ 1992ರಲ್ಲಿ ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯೂ ವರದಿ ಮಾಡಿವೆ. ಉಬ್ಬಸವಿರುವವರು ಕವಳವನ್ನು ಬಿಡುವುದೇ ಲೇಸು.

ಸೂಜಿ, ಪುಡಿ, ಮೀನುಮದ್ದು

ಪ್ರತಿ ಬಾರಿ ದಮ್ಮು ಬಂದಾಗ ಒಂದು ಸೂಜಿ ಚುಚ್ಚಿಸಿಕೊಂಡು ಮರುದಿನ ಕೆಲಸಕ್ಕೆ ಹೋಗುವ ರೂಢಿ ಎರಡೂ ಸೀಮೆಗಳಲ್ಲಿದೆ. ಹೀಗೆ ಕೊಡುವುದರಲ್ಲಿ ಸ್ಟಿರಾಯ್ಡ್ ಇದ್ದರೆ ಯಾವ ಕಾರಣದ ಸಿಳ್ಳಾದರೂ ಒಂದೆರಡು ದಿನ ತಗ್ಗಬಹುದು. ರೋಗಿ ಗುಣವಾಯಿತೆಂದು ತಿಳಿಯುತ್ತಾನೆ. ಒಳಗೆ ಕ್ಷಯವಿದ್ದರೆ ಅದು ಮರೆಯಲ್ಲಿ ಬೆಳೆಯುತ್ತದೆ. ವರ್ಷಗಟ್ಟಲೆ ಹೀಗಾದರೆ ಸಕ್ಕರೆ ಏರಿ, ಮೂಳೆ ಟೊಳ್ಳಾಗುತ್ತದೆ. ಹೆಸರಿಲ್ಲದ ಪೊಟ್ಟಣದ ಪುಡಿಗಳಲ್ಲಿಯೂ ಸ್ಟಿರಾಯ್ಡ್ ಬೆರೆತಿರುವುದುಂಟು. ತೀವ್ರ ಅಸ್ತಮದಲ್ಲಿ ವೈದ್ಯರು ಕೆಲವೇ ದಿನ ಕೊಡುವ ಸ್ಟಿರಾಯ್ಡ್ ಮಾತ್ರೆ ಜೀವ ಉಳಿಸುವಂಥದು. ಆಕ್ಷೇಪವಿರುವುದು ಕಾರಣ ತಿಳಿಯದೆ ನುಂಗುವುದಕ್ಕೆ. ಮೃಗಶಿರಾ ಮಳೆಯ ಹೊತ್ತಿಗೆ ಹೈದರಾಬಾದಿನ ಮೀನುಮದ್ದಿಗೆ ನಮ್ಮ ರಾಜ್ಯದಿಂದಲೂ ಜನ ಹೋಗುತ್ತಾರೆ. ಅದರಿಂದ ಅಸ್ತಮ ಗುಣವಾಗುತ್ತದೆಂಬುದಕ್ಕೆ ವೈಜ್ಞಾನಿಕ ಆಧಾರ ದೊರೆತಿಲ್ಲ. ನಂಬಿ ಹೋಗುವವರು ಇನ್‌ಹೇಲರನ್ನಂತೂ ನಿಲ್ಲಿಸಬಾರದು.

ವೈದ್ಯರಿಗೆ ಹೇಳಬೇಕಾದ್ದು

ಈ ಪ್ರಶ್ನೆಗಳಿಗೆ ಉತ್ತರವನ್ನು ಚೀಟಿಯಲ್ಲಿ ಬರೆದುಕೊಂಡು ಹೋದರೆ ಅರ್ಧ ಕೆಲಸ ಮುಗಿದಂತೆ.

1. ಕೆಮ್ಮು ಎಂದಿನಿಂದ? ಬಂದು ಹೋಗುವುದೋ, ಏರುತ್ತಲೇ ಇರುವುದೋ?
2. ರಾತ್ರಿ ಹೆಚ್ಚೋ, ಕೆಲಸದ ಹೊತ್ತು ಹೆಚ್ಚೋ? ಊರು ಬಿಟ್ಟಾಗ ಕಡಿಮೆಯಾಗುವುದೋ?
3. ಜ್ವರ, ತೂಕ ಇಳಿತ, ಕಫದಲ್ಲಿ ರಕ್ತ ಉಂಟೋ?
4. ಮಲಗಿದರೆ ಉಸಿರು ಕಟ್ಟುವುದೋ? ಪಾದ ಊದುವುದೋ?
5. ಬೀಡಿ, ಒಲೆ, ಸಿಂಪಡಣೆ, ಹಿಂಡಿ, ಧೂಳಿನ ಸಂಪರ್ಕ ಎಷ್ಟು ವರ್ಷದ್ದು?
6. ಈಗ ನುಂಗುತ್ತಿರುವ ಮಾತ್ರೆಗಳು ಯಾವುವು? ಖಾಲಿ ಪಟ್ಟಿಗಳನ್ನೇ ಒಯ್ಯಿರಿ.

ಕಫ ಪರೀಕ್ಷೆ, ರಕ್ತದ ಎಣಿಕೆ, ಎದೆಯ ಎಕ್ಸ್‌ರೇ, ಇ.ಸಿ.ಜಿ., ಕೊಳವೆಯಲ್ಲಿ ಬಲವಾಗಿ ಊದುವ ಸ್ಪೈರೋಮೆಟ್ರಿ ಇವುಗಳಲ್ಲಿ ಬೇಕಾದ್ದನ್ನು ವೈದ್ಯರು ಆರಿಸುತ್ತಾರೆ. ಅಸ್ತಮವನ್ನೂ ಹೊಗೆಯ ದಮ್ಮನ್ನೂ ಬೇರ್ಪಡಿಸುವಲ್ಲಿ ಊದುವ ಪರೀಕ್ಷೆಗೆ ಸಮನಾದುದಿಲ್ಲ.

ಮಾತು ತುಂಡಾಗುವಷ್ಟು ಏದುಸಿರು, ತುಟಿ ನೀಲಿಗಟ್ಟುವುದು, ಪಕ್ಕೆಲುಬಿನ ನಡುವೆ ಚರ್ಮ ಒಳಸೇದುವುದು, ಮಂಪರು ಕಂಡರೆ ಬೆಳಗಾಗಲೆಂದು ಕಾಯದೆ 108ಕ್ಕೆ ಕರೆ ಮಾಡಿ. ಜೋರಾಗಿದ್ದ ಸಿಳ್ಳು ಒಮ್ಮೆಲೇ ಅಡಗಿ ರೋಗಿ ಸುಸ್ತಾದರೆ ಅದು ಗುಣದ ಗುರುತಲ್ಲ; ಗಾಳಿ ಆಡುವುದೇ ನಿಲ್ಲುತ್ತಿದೆಯೆಂದು ತಿಳಿಯಬೇಕು.

ಅಡಿಕೆಯ ಸೋಗೆ ಹಳದಿಯಾದರೆ ನಾವು ಒಂದೇ ಮದ್ದು ಸುರಿಯುವುದಿಲ್ಲ. ನೀರು ನಿಂತಿದೆಯೋ, ಬೇರುಹುಳು ಬಿದ್ದಿದೆಯೋ, ಪೋಷಕಾಂಶ ಸಾಲದೋ ಎಂದು ಬುಡ ಕೆದಕಿ ನೋಡುತ್ತೇವೆ. ಮನೆಯವರ ಎದೆಗೂ, ತೋಟಕ್ಕೆ ದುಡಿಯಲು ಬಂದವರ ಎದೆಗೂ ಅಷ್ಟೇ ಎಚ್ಚರ ಸಲ್ಲಬೇಕು. ಈ ಕೊಯ್ಲಿನಲ್ಲಿ ಎರಡು ವಾರ ದಾಟಿದ ಕೆಮ್ಮು ಯಾರದಿದ್ದರೂ ಒಂದು ದಿನದ ಕೆಲಸ ಬಿಡಿಸಿ ಪರೀಕ್ಷೆಗೆ ಕಳುಹಿಸಿಕೊಡಬೇಕೆಂದು ಸದಸ್ಯರೆಲ್ಲರಲ್ಲಿ ನಮ್ಮ ವಿನಂತಿ.